ಬರಿದಾಗಿ ಮರಳದ ಡಬ್ಬ

ಚಾಕಲೇಟ್ ಕೇಕನ್ನು ನಾನು ಸೂರ್ಯ ಮುಳುಗುವುದಕ್ಕೆ ಎಷ್ಟೋ ಮೊದಲೇ ಒಲೆಯಿಂದ ಇಳಿಸುತ್ತೇನೆ. ಮೂವತ್ತು ವರ್ಷ ದಾಟಿತು, ಈ ಕ್ರಮ ತಪ್ಪಿಲ್ಲ. ಕೆಳಗಿನ ಮನೆಯ ಬೆನ್, ಎಂದರೆ ಅಕ್ಕ, ಕಚ್ಛಿನ ಕಡೆಯ ಜೈನರು. ದೀಪ ಹಚ್ಚುವ ಹೊತ್ತಾದ ಮೇಲೆ ಒಂದು ತುತ್ತೂ ಅವರ ಬಾಯಿಗೆ ಹೋಗುವುದಿಲ್ಲ. ಕೇಕಿನ ಬಿಸಿ ಆರಬೇಕು, ಕೊಯ್ದು ಡಬ್ಬಕ್ಕೆ ತುಂಬಬೇಕು, ಎರಡು ಮಹಡಿ ಇಳಿಯಬೇಕು, ಅವರು ಕೈ ತೊಳೆದು ಕುಳಿತು ಅವಸರವಿಲ್ಲದೆ ತಿನ್ನಬೇಕು. ಇಷ್ಟಕ್ಕೂ ಲೆಕ್ಕ ಹಾಕಿದರೆ ಚಳಿಗಾಲದಲ್ಲಿ ಮೂರೂವರೆಗೆಲ್ಲ ನನ್ನ ಒಲೆ ಆರಿರಬೇಕು. ಆಗ ಮುಂಬಯಿಯ ಮಾಟುಂಗದ ನಮ್ಮ ಹಳೆಯ ಕಟ್ಟಡದ ಮೆಟ್ಟಿಲಲ್ಲಿ ಆ ವಾಸನೆ ನಿಧಾನವಾಗಿ ಇಳಿಯತೊಡಗುತ್ತದೆ. ಬೆಳಗಿನ ಫಿಲ್ಟರ್ ಕಾಫಿ, ಹನ್ನೊಂದರ ಇಂಗಿನ ಒಗ್ಗರಣೆ, ಸಂಜೆಯ ಮಲ್ಲಿಗೆ, ಊದುಬತ್ತಿ ಇವುಗಳ ನಡುವೆ ಅದಕ್ಕೂ ಒಂದು ಜಾಗ ಸಿಕ್ಕಿದೆ. ಎದುರುಮನೆಯ ಪಾಲಕ್ಕಾಡಿನ ಮಾಮಿ ಬಾಗಿಲು ತೆರೆದು, “ಇವತ್ತು ಯಾರ ಹುಟ್ಟುಹಬ್ಬ?” ಎಂದು ಕೇಳುತ್ತಾರೆ. ಯಾರದೂ ಇಲ್ಲದಿದ್ದರೂ ಕೇಳುತ್ತಾರೆ.

ಡಬ್ಬ ಹೋಗುತ್ತದೆ, ಡಬ್ಬ ಬರುತ್ತದೆ. ಬರಿದಾಗಿ ಬಂದದ್ದನ್ನು ನಾನು ಕಂಡಿಲ್ಲ. ಬೆನ್ ಅವರಿಂದ ಬಂದರೆ ಒಳಗೆ ತೆಳ್ಳಗಿನ ಖಾಖ್ರಾ ಇರುತ್ತದೆ, ಮಾಮಿಯಿಂದ ತೇಂಗೊಳಲು, ಮೇಲಿನ ಮನೆಯ ಕೊಂಕಣಿಯವರಿಂದ ಮಳೆಗಾಲದಲ್ಲಿ ಪತ್ರೊಡೆ. ಇನ್ನೊಬ್ಬರ ಪಾತ್ರೆಯನ್ನು ಬರಿದಾಗಿ ಕಳಿಸಬಾರದೆಂದು ನಮ್ಮೂರಲ್ಲಿ ಅಜ್ಜಿ ಹೇಳುತ್ತಿದ್ದರು. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಬೇಕಂತೆ. ಅದೇ ಮಾತು ಕಚ್ಛಿಯಲ್ಲೂ ಇದೆ, ತಮಿಳಿನಲ್ಲೂ ಇದೆ ಎಂದು ನನಗೆ ಗೊತ್ತಾದದ್ದು ಈ ಮೆಟ್ಟಿಲಲ್ಲಿ.

ನನ್ನ ತವರು ಪುತ್ತೂರಿನ ಕಡೆಯ ಅಡಿಕೆ ತೋಟ. ಅಡಿಕೆ ಮರಗಳ ನೆರಳಿನಲ್ಲಿ ಅಪ್ಪ ಕೊಕ್ಕೊ ಗಿಡ ಹಾಕಿದಾಗ ನನಗೆ ಏಳೆಂಟು ವರ್ಷ. 1970ರ ಆಸುಪಾಸಿನಲ್ಲಿ ನಮ್ಮ ಜಿಲ್ಲೆಗೂ ಕಾಸರಗೋಡಿಗೂ ತೋಟದಿಂದ ತೋಟಕ್ಕೆ ಹಬ್ಬಿದ ಬೆಳೆ ಅದು. ಅದರ ಹೂವು ಕೊಂಬೆಯ ತುದಿಯಲ್ಲಿ ಬಿಡುವುದಿಲ್ಲ. ಕಾಂಡದ ಮೈಯಿಂದಲೇ ಉಗುರಿನಷ್ಟು ಹೂವು ಒಡೆದು, ಹಲಸಿನಂತೆ ಕಾಯಿ ಅಲ್ಲೇ ಜೋತುಬೀಳುತ್ತದೆ. ಐದಾರು ತಿಂಗಳಿಗೆ ಹಳದಿಗೆ ತಿರುಗುತ್ತದೆ. ಮನುಷ್ಯರಿಗಿಂತ ಮೊದಲು ಅಳಿಲಿಗೂ ಮಂಗನಿಗೂ ಸುದ್ದಿ ಮುಟ್ಟಿರುತ್ತದೆ. ಕತ್ತಿ ಹಾಕಿದರೆ ಬೀಜಕ್ಕೆ ಗಾಯವಾಗುತ್ತದೆಂದು ಅಪ್ಪ ಮರದ ಕೊಡತಿಯಿಂದ ಕಾಯಿ ಒಡೆಯುತ್ತಿದ್ದರು. ಒಳಗೆ ಮೂವತ್ತು ನಲವತ್ತು ಬೀಜಗಳು ಬಿಳಿ ಲೋಳೆ ಹೊದ್ದು ಸಾಲಾಗಿ ಮಲಗಿರುತ್ತಿದ್ದವು. ಸೀತಾಫಲದ ಸಿಹಿಗೆ ಪುನರ್ಪುಳಿಯ ಸಣ್ಣ ಹುಳಿ ಬೆರೆಸಿದಂಥ ರುಚಿ ಆ ಲೋಳೆಗೆ. ನಾನೂ ತಮ್ಮನೂ ಚೀಪುವುದು, ಬೀಜ ಉಗುಳುವುದು. ಒಮ್ಮೆ ಕಚ್ಚಿ ನೋಡಿದೆ. ಬೀಜದ ಒಳಗೆ ನೇರಳೆ ಬಣ್ಣ, ನಾಲಿಗೆ ಒಣಗಿಹೋಗುವಷ್ಟು ಒಗರು, ಕಹಿ. ಇದರಿಂದ ಚಾಕಲೇಟ್ ಆಗುತ್ತದೆಂದು ಯಾರೋ ಹೇಳಿದಾಗ ನಾವಿಬ್ಬರೂ ನಂಬಲಿಲ್ಲ.

ಹೆಚ್ಚು ಚೀಪಲು ಅಪ್ಪ ಬಿಡುತ್ತಿರಲಿಲ್ಲ. ಅದರ ಕಾರಣ ನನಗೆ ತಿಳಿದದ್ದು ಬಹಳ ತಡವಾಗಿ. ಬೀಜದ ಕಹಿ ಇಳಿಯಬೇಕಾದರೆ ಅದು ತನ್ನ ಲೋಳೆಯೊಳಗೇ ಕೊಳೆಯಬೇಕು. ಹಸಿ ಬೀಜವನ್ನು ಬುಟ್ಟಿಗೆ ತುಂಬಿ, ಬಾಳೆಲೆ ಮುಚ್ಚಿ, ಆರು ದಿನ ಇಡುತ್ತಾರೆ. ನಡುನಡುವೆ ತಿರುವಿ ಹಾಕುತ್ತಾರೆ. ಲೋಳೆಯ ಸಕ್ಕರೆ ಹುಳಿತು, ಮೊದಲು ಕಳ್ಳಿನ ವಾಸನೆ, ಆಮೇಲೆ ವಿನೆಗರಿನ ವಾಸನೆ ಏಳುತ್ತದೆ. ಬುಟ್ಟಿಯ ಒಳಗೆ ಕೈ ಹಾಕಿದರೆ ಜ್ವರ ಬಂದವರ ಮೈಗಿಂತಲೂ ಬಿಸಿ. ಆ ಬಿಸಿಯಲ್ಲಿ ಬೀಜ ಸತ್ತು, ನೇರಳೆ ಬಣ್ಣ ಕಂದಿಗೆ ತಿರುಗಿ, ಚಾಕಲೇಟಿನ ಪರಿಮಳಕ್ಕೆ ಒಳಗೊಳಗೇ ತಯಾರಿ ನಡೆಯುತ್ತದೆ. ಚೀಪಿ ಬರಿದು ಮಾಡಿದ ಬೀಜಕ್ಕೆ ಈ ಭಾಗ್ಯವಿಲ್ಲ. ಸಿಹಿಯನ್ನು ನಾವು ಮೊದಲೇ ತಿಂದು ಮುಗಿಸಿದರೆ ಕಹಿ ಕಹಿಯಾಗಿಯೇ ಉಳಿಯುತ್ತದೆ.

1980ರ ಹೊತ್ತಿಗೆ ಕೊಕ್ಕೊ ಬೆಲೆ ಬಿದ್ದುಹೋಯಿತು. ಕೊಳ್ಳುತ್ತಿದ್ದವರು ಬರುವುದನ್ನು ನಿಲ್ಲಿಸಿದರು. ಅಕ್ಕಪಕ್ಕದ ತೋಟಗಳಲ್ಲಿ ಕೊಡಲಿಯ ಸದ್ದು ಕೇಳಿಸತೊಡಗಿತು. ಅಪ್ಪ ಕಡಿಯಲಿಲ್ಲ. “ಮರ ಏನು ತಪ್ಪು ಮಾಡಿದೆ?” ಎಂದರು. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ್ದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಆಗ ಕೊಕ್ಕೊವನ್ನೂ ಕೊಳ್ಳಲು ಮುಂದಾಯಿತು. ಕೊಂಡರೆ ಸಾಲದು, ಅದರಿಂದ ಏನಾದರೂ ಮಾಡಬೇಕಲ್ಲ. ಹಾಗೆ 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟ್ ಕಾರ್ಖಾನೆ ಶುರುವಾಯಿತು. ಬೆಳೆದವರೇ ಒಡೆಯರಾದ ಕಾರ್ಖಾನೆ ನಮ್ಮ ಪೇಟೆಗೆ ಬಂತು ಎಂದು ಊರಿಗೆ ಊರೇ ಹೆಮ್ಮೆಪಟ್ಟಿತು. ಗಾಳಿ ಸರಿಯಾಗಿ ಬೀಸಿದರೆ ರಸ್ತೆಯಲ್ಲಿ ಹೋಗುವವರಿಗೂ ಹುರಿದ ಕೊಕ್ಕೊದ ಪರಿಮಳ ಬರುತ್ತಿತ್ತು.

ಮರುವರ್ಷ ನಾನು ಮದುವೆಯಾಗಿ ಮಾಟುಂಗಕ್ಕೆ ಬಂದೆ. ಅತ್ತೆಯವರ ಮನೆಯವರು ಬಹಳ ಹಿಂದೆಯೇ ದಕ್ಷಿಣ ಕನ್ನಡ ಬಿಟ್ಟು ಬಂದವರು. ಆದರೂ ಊರು ತಪ್ಪಿದೆ ಎಂದು ಅನ್ನಿಸದಂಥ ಪೇಟೆ ಇದು. ಮಾರ್ಕೆಟಿನಲ್ಲಿ ಮಂಗಳೂರು ಸೌತೆ, ಬಾಳೆಲೆ, ಕೆಸುವಿನೆಲೆ ಸಿಗುತ್ತಿತ್ತು. ಸ್ಟೇಷನ್ನಿನ ಬಳಿ 1942ರಿಂದ ಎಲೆಯೂಟ ಬಡಿಸುತ್ತಿದ್ದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇತ್ತು. ಭಾವುದಾಜಿ ರಸ್ತೆಯಲ್ಲಿ 1926ರಷ್ಟು ಹಳೆಯ ಮೈಸೂರು ಅಸೋಸಿಯೇಷನ್ ಇತ್ತು, ಅಲ್ಲಿ ಕನ್ನಡ ನಾಟಕ, ಸಂಗೀತ. ಸಿಹಿ ತಿನ್ನಬೇಕೆಂದರೆ ರಾಮ ಆಶ್ರಯ ಹೋಟೆಲಿನ ಅನಾನಸ್ ಶೀರಾ. ಇಷ್ಟೆಲ್ಲ ಇರುವಾಗ ಮನೆಯಲ್ಲಿ ಕೇಕು ಮಾಡುವ ಯೋಚನೆ ಯಾರಿಗೂ ಇರಲಿಲ್ಲ.

ಮೊದಲ ದೀಪಾವಳಿಗೆ ತಮ್ಮ ಬಸ್ಸಿನಲ್ಲಿ ಒಂದು ರಾತ್ರಿ ಒಂದು ಹಗಲು ಕುಳಿತು ಬಂದ. ಚೀಲದಿಂದ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ, ಕೊನೆಗೆ ಪುತ್ತೂರಿನ ಕಾರ್ಖಾನೆಯ ಕೊಕ್ಕೊ ಪುಡಿಯ ಒಂದು ಪ್ಯಾಕೆಟ್ ತೆಗೆದ. “ಇದ್ರಲ್ಲಿ ನಮ್ಮ ತೋಟದ್ದೂ ಉಂಟು ಅಕ್ಕಾ” ಎಂದ. ಬಿಡಿಸಿ ಮೂಗಿನ ಹತ್ತಿರ ತಂದೆ. ಬಾಲ್ಯದಲ್ಲಿ ಉಗುಳಿದ ಬೀಜ ನನ್ನನ್ನು ಹುಡುಕಿಕೊಂಡು ಇಷ್ಟು ದೂರ ಬಂದಿತ್ತು.

ಕೇಕು ಮಾಡುತ್ತೇನೆಂದಾಗ ಅತ್ತೆಯವರು ಕೇಳಿದ್ದು ಒಂದೇ ಪ್ರಶ್ನೆ. “ಮೊಟ್ಟೆ ಇಲ್ಲದೆ ಅದು ಉಬ್ಬುದು ಹೇಗೆ ಮಾರಾಯ್ತಿ?” ಆ ಪ್ರಶ್ನೆಗೆ ಉತ್ತರ ಕೆಳಗಿನ ಮನೆಯಲ್ಲಿತ್ತು. ಆಗ ಮುಂಬಯಿಯ ಗುಜರಾತಿ ಮನೆಗಳಲ್ಲಿ ತರಲಾ ದಲಾಲ್ ಅವರ ಅಡುಗೆ ಪುಸ್ತಕ ಕಪಾಟಿನ ಕೈಗೆಟುಕುವ ಜಾಗದಲ್ಲಿರುತ್ತಿತ್ತು. ಅವರ ಮೊದಲ ಪುಸ್ತಕ 1974ರಲ್ಲಿ ಬಂದದ್ದು. ಸಸ್ಯಾಹಾರಿ ಮನೆಯವರೂ ದೇಶದೇಶದ ಅಡುಗೆ ಮಾಡಬಹುದೆಂಬ ಧೈರ್ಯ ಕೊಟ್ಟವರು ಅವರು. ಬೆನ್ ಅವರ ಕೈಯಿಂದ ಮೊಟ್ಟೆಯಿಲ್ಲದ ಕೇಕಿನ ಕ್ರಮ ನನಗೆ ಬಂತು. ವರ್ಷಗಳು ಕಳೆದಂತೆ ಅದು ನನ್ನದಾಯಿತು.

ಒಂದು ಕಪ್ ಗಟ್ಟಿ ಮೊಸರಿಗೆ ಮುಕ್ಕಾಲು ಕಪ್ ಸಕ್ಕರೆ ಹಾಕಿ, ಬೆರಳಿಗೆ ತರಿ ಸಿಗದಷ್ಟು ಕಲಸುತ್ತೇನೆ. ಅದಕ್ಕೆ ಒಂದೂಕಾಲು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡುಗೆ ಸೋಡಾ. ಐದು ನಿಮಿಷ ಸುಮ್ಮನೆ ಬಿಡಬೇಕು. ಮೊಸರಿನ ಹುಳಿಗೆ ಸೋಡಾ ತಾಗಿ ಮೈತುಂಬ ಗುಳ್ಳೆ ಏಳುತ್ತದೆ. ಆ ಗಾಳಿಯೇ ಮೊಟ್ಟೆಯ ಕೆಲಸ ಮಾಡುವುದು. ಅತ್ತೆಯವರನ್ನು ಕರೆದು ಪಾತ್ರೆ ತೋರಿಸಿದೆ. ಬಗ್ಗಿ ನೋಡಿದರು. “ಇದು ನಮ್ಮ ಇಡ್ಲಿ ಹಿಟ್ಟಿನ ಹಾಗೆಯೇ ಅಲ್ಲವಾ! ಅದಕ್ಕೆ ಒಂದು ರಾತ್ರಿ ಬೇಕು, ಇದಕ್ಕೆ ಐದು ನಿಮಿಷ, ಅಷ್ಟೇ” ಎಂದರು. ಕೇಕು ನಮ್ಮ ಅಡುಗೆಮನೆಯೊಳಗೆ ಬಂದದ್ದು ಆ ಮಾತಿನ ಕೈ ಹಿಡಿದು.

ಆಮೇಲೆ ಅರ್ಧ ಕಪ್ ಎಣ್ಣೆ. ಒಂದೂವರೆ ಕಪ್ ಮೈದಾದಿಂದ ಮೂರು ದೊಡ್ಡ ಚಮಚ ತೆಗೆದಿಟ್ಟು, ಅಷ್ಟೇ ಕೊಕ್ಕೊ ಸೇರಿಸಿ ಮೂರು ಸಲ ಜರಡಿ ಹಿಡಿಯುವುದು. ಬಿಳಿಯೂ ಕಂದೂ ಬೆರೆತು ಬೇಸಗೆಯ ದೂಳಿನ ಬಣ್ಣಕ್ಕೆ ಬರುತ್ತದೆ. ಕೊನೆಗೆ ಎರಡು ಚಮಚ ಕಾಫಿ ಡಿಕಾಕ್ಷನ್. ಮೈಸೂರ್ ಕನ್ಸರ್ನ್ಸ್‌ನ ಪುಡಿಯಿಂದ ಬೆಳಗ್ಗೆ ಇಳಿಸಿದ್ದರಲ್ಲಿ ಇದಕ್ಕೆಂದೇ ಸ್ವಲ್ಪ ಉಳಿಸಿಡುತ್ತೇನೆ. ಕೇಕಿನಲ್ಲಿ ಕಾಫಿ ಇದೆಯೆಂದು ತಿಂದವರಿಗೆ ಗೊತ್ತಾಗುವುದಿಲ್ಲ. ಚಾಕಲೇಟಿನ ರುಚಿ ಮಾತ್ರ ಇದ್ದಲ್ಲಿಂದ ಎದ್ದು ಮುಂದೆ ಬಂದು ನಿಲ್ಲುತ್ತದೆ. ಎರಡೂ ಬೀಜವೇ, ಎರಡೂ ಹುರಿದದ್ದೇ, ಎರಡೂ ಕಹಿಯೇ. ಒಂದರ ಮಾತು ಇನ್ನೊಂದಕ್ಕೆ ಅರ್ಥವಾಗುತ್ತದೆ.

ಮೊದಲ ಕೇಕು ಕುಕ್ಕರಿನಲ್ಲಿ ಆದದ್ದು. ತಳಕ್ಕೆ ಎರಡು ಬೆರಳು ದಪ್ಪ ಉಪ್ಪು ಹರಡಿ, ರಬ್ಬರೂ ವೆಯ್ಟೂ ತೆಗೆದು, ಹತ್ತು ನಿಮಿಷ ಬಿಸಿ ಮಾಡಿ, ಒಳಗೆ ಡಬ್ಬಿ ಇಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ನಂತರ ಮುಚ್ಚಳದಲ್ಲಿ ಗಾಜಿನ ಕಿಂಡಿಯಿದ್ದ ದುಂಡನೆಯ ಅಲ್ಯೂಮಿನಿಯಂ ಓವನ್ ಬಂತು. ಮಗ ಅದರ ಮುಂದೆ ಗಲ್ಲಕ್ಕೆ ಕೈಕೊಟ್ಟು ಕೂರುತ್ತಿದ್ದ. ಈಗ ಗೋಡೆಗೆ ಒತ್ತಿ ಕೂತ ಚೌಕದ ಓವನ್ ಇದೆ. ಬೆಂದಿದೆಯೇ ಎಂದು ನೋಡಲು ಮಾತ್ರ ಅಂದಿನಿಂದ ಇಂದಿನವರೆಗೂ ತೆಂಗಿನ ಗರಿಯ ಕಡ್ಡಿಯೇ. ಚುಚ್ಚಿ ತೆಗೆದಾಗ ಹಿಟ್ಟು ಅಂಟದಿದ್ದರೆ ಆಯಿತು. ಕೇಕು ಅಂಚು ಬಿಟ್ಟು ಒಂದು ನೂಲಿನಷ್ಟು ಒಳಕ್ಕೆ ಸರಿದಿರುತ್ತದೆ. ನೆತ್ತಿಯ ಮೇಲೆ ಸಣ್ಣ ಬಿರುಕು. ಆ ಬಿರುಕಿನಿಂದ ಏಳುವ ಹಬೆಯಲ್ಲಿ ಒಂದು ಕ್ಷಣ ಮುಖವಿಡುವುದು ಮಾಡಿದವಳಿಗೆ ಸಲ್ಲುವ ಪಾಲು.

ತೊಂಬತ್ತರ ದಶಕದಲ್ಲಿ ಮುಂಬಯಿಯ ಮನೆಮನೆಯಲ್ಲಿ ದೀಪಾವಳಿಗೆ ಅಚ್ಚಿನ ಚಾಕಲೇಟ್ ಮಾಡುವ ಉತ್ಸಾಹ ಹಬ್ಬಿತು. ಮೈಸೂರು ಅಸೋಸಿಯೇಷನ್ನಿನ ಗೆಳತಿಯರು ನಾವು ನಾಲ್ವರು ಕ್ರಾಫರ್ಡ್ ಮಾರ್ಕೆಟಿಗೆ ಹೋಗಿ ಚಾಕಲೇಟಿನ ಗಟ್ಟಿ, ಎಲೆ ಚಿಪ್ಪುಗಳ ಆಕಾರದ ಅಚ್ಚು, ಬಣ್ಣಬಣ್ಣದ ಬೇಗಡೆ ಕಾಗದ ಹೊತ್ತು ತಂದೆವು. ಬಿಸಿನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆಯಿಟ್ಟು ಕರಗಿಸುವುದು. ಹಬೆಯ ಒಂದು ಹನಿ ಒಳಗೆ ಬಿತ್ತು. ಹೊಳೆಯುತ್ತ ಹರಿಯುತ್ತಿದ್ದದ್ದು ಕಣ್ಣೆದುರೇ ಹಿಂಡಿಯಂತೆ ಗಟ್ಟಿಯಾಯಿತು. ಚಾಕಲೇಟಿನಲ್ಲಿರುವ ಸಕ್ಕರೆ ಆ ಹನಿ ನೀರನ್ನು ಹೀರಿ ಒಂದಕ್ಕೊಂದು ಅಂಟಿಕೊಳ್ಳುವುದೇ ಇದಕ್ಕೆ ಕಾರಣ. ನಮಗೆ ಅಳು ಬರುವಂತಾಗಿತ್ತು. ಅತ್ತೆಯವರು ಬಂದು ನೋಡಿ, “ಹಾಳಾಗಿಲ್ಲ, ಬೇರೆ ಆಗಿದೆ” ಎಂದು ಬಿಸಿ ಹಾಲು ತಂದು ಸ್ವಲ್ಪ ಸ್ವಲ್ಪವೇ ಸುರಿದು ಕಲಕಿದರು. ನೀರಿನ ಒಂದು ಹನಿ ಚಾಕಲೇಟನ್ನು ಕೆಡಿಸುತ್ತದೆ, ಸಾಕಷ್ಟು ಸುರಿದರೆ ಅದೇ ಮತ್ತೆ ಸಡಿಲಿಸುತ್ತದೆ. ಅವತ್ತು ಅಚ್ಚಿನ ಚಾಕಲೇಟ್ ಆಗಲಿಲ್ಲ. ಗೇರುಬೀಜ ತೇಲಿಸಿದ ಬಿಸಿ ಚಾಕಲೇಟ್ ಹಾಲನ್ನು ನಾವು ಐವರು ಕಾಫಿಯ ಲೋಟದಲ್ಲಿ ಕುಡಿದೆವು. ಇವತ್ತಿಗೂ ಆ ಗೆಳತಿಯರು ಬಂದರೆ ಅದನ್ನೇ ಕೇಳುತ್ತಾರೆ.

2005ರ ಜುಲೈ 26 ನನ್ನ ಮಗನಿಗೆ ಹದಿನಾರು ತುಂಬಿದ ದಿನ. ಬೆಳಗ್ಗೆಯೇ ಎರಡು ಕೇಕು ಮಾಡಿ, ನಡುವೆ ಚಾಕಲೇಟಿನ ಕೆನೆ ಸವರಿ ಒಂದರ ಮೇಲೊಂದು ಇಟ್ಟಿದ್ದೆ. ಮಧ್ಯಾಹ್ನದ ಮೇಲೆ ಮಳೆ ಹಿಡಿಯಿತು. ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಬಿತ್ತೆಂದು ಆಮೇಲೆ ಓದಿದೆವು. ಕಿಂಗ್ಸ್ ಸರ್ಕಲಿನ ಕಡೆಯ ಬೀದಿಗಳು ಹೊಳೆಯಾದವು, ರೈಲು ನಿಂತಿತು. ಮಗನ ಗೆಳೆಯರು ಒಬ್ಬರೂ ಬರುವಂತಿರಲಿಲ್ಲ. ಸಂಜೆಯಾಗುವಾಗ ಸೊಂಟದ ನೀರಿನಲ್ಲಿ ನಡೆದು ಸೋತವರು ನಮ್ಮ ಕಟ್ಟಡದ ಮೆಟ್ಟಿಲು ಹತ್ತಿ ಕುಳಿತಿದ್ದರು. ಕಾಲೇಜಿನ ಹುಡುಗರು, ಊಟದ ಡಬ್ಬ ಎದೆಗವಚಿಕೊಂಡ ಗುಮಾಸ್ತರು, ಮನೆಗೆಲಸ ಮುಗಿಸಿ ಹೊರಟಿದ್ದ ಒಬ್ಬ ಮುದುಕಿ. ಮಾಮಿ ದೊಡ್ಡ ಪಾತ್ರೆಯಲ್ಲಿ ಕಾಫಿ ಇಟ್ಟರು, ಬೆನ್ ಖಾಖ್ರಾದ ಡಬ್ಬಗಳನ್ನೆಲ್ಲ ತೆರೆದರು. ಅತ್ತೆಯವರು ಕೇಕಿನ ಕಡೆ ನೋಡಿ, “ಇನ್ನು ಯಾರಿಗೆಂದು ಇಟ್ಟದ್ದು?” ಎಂದರು.

ಮಗ ಎರಡನೆಯ ಮಹಡಿಯ ತಿರುವಿನಲ್ಲಿ ನಿಂತು ಮೋಂಬತ್ತಿಯ ಬೆಳಕಿನಲ್ಲಿ ಕೇಕು ಕೊಯ್ದ. ಪರಿಚಯವೇ ಇಲ್ಲದ ಜನ ಒದ್ದೆ ಕೈಗಳಲ್ಲಿ ಚಪ್ಪಾಳೆ ತಟ್ಟಿದರು. ಸಣ್ಣ ಸಣ್ಣ ಚೂರು ಮಾಡಿ ಇಪ್ಪತ್ತೆಂಟು ಮಂದಿಗೆ ಹಂಚಿದೆ. ಆ ಮುದುಕಿ ತನ್ನ ಪಾಲಿನಲ್ಲಿ ಅರ್ಧ ತಿಂದು, ಉಳಿದರ್ಧವನ್ನು ಸೆರಗಿನ ಒಣಗಿದ ತುದಿಯಲ್ಲಿ ಗಂಟು ಹಾಕಿಕೊಂಡಳು. “ನಾತೀಸಾಠಿ” ಎಂದಳು, ಮೊಮ್ಮಗಳಿಗೆ. ಆ ನೀರಿನಲ್ಲಿ ಅದು ಅವಳ ಮನೆ ಮುಟ್ಟಿತೋ ಎಂದು ಮಳೆಗಾಲ ಬಂದಾಗಲೆಲ್ಲ ನೆನೆಯುತ್ತೇನೆ. ಅವತ್ತು ಕೊಟ್ಟದ್ದು ಕೈಯಿಂದ ಕೈಗೆ, ಡಬ್ಬವೇ ಇರಲಿಲ್ಲ, ಮರಳಿ ಬರುವ ಮಾತೂ ಇರಲಿಲ್ಲ. ನಾನು ಮಾಡಿದ ಕೇಕುಗಳಲ್ಲಿ ಪೂರ್ತಿಯಾಗಿ ಸಾರ್ಥಕವಾದದ್ದು ಯಾವುದೆಂದು ಕೇಳಿದರೆ ಅದನ್ನೇ ಹೇಳುತ್ತೇನೆ.

ಕೇಕಿಗೆ ಬೇಕಾದ ಪುಡಿ ಪ್ಯಾಕೆಟಿನಲ್ಲಿ ಬರುತ್ತಿತ್ತು. ಬೀಜದಿಂದ ಹಿಡಿದು ಎಲ್ಲವನ್ನೂ ನನ್ನ ಕೈಯಲ್ಲೇ ಮಾಡಬೇಕೆಂಬ ಆಸೆ ಒಳಗೆ ಉಳಿದೇ ಇತ್ತು. 2019ರ ಕೊನೆಗೆ ಅಪ್ಪ ಹುಳಿಸಿ ಒಣಗಿಸಿದ ಎರಡು ಕಿಲೋ ಬೀಜ ಕಳಿಸಿದರು. ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದೆ. ಸಿಪ್ಪೆ ಚಟಪಟ ಸಿಡಿದು, ಮೊದಲು ಹುಳಿ ವಾಸನೆ ಹಾರಿ, ಆಮೇಲೆ ಇಡೀ ಮನೆಗೆ ಚಾಕಲೇಟಿನ ಪರಿಮಳ ತುಂಬಿತು. ಎಂಬತ್ತು ದಾಟಿದ ಅತ್ತೆಯವರು ಮೊರ ಹಿಡಿದು ಬಾಲ್ಕನಿಯಲ್ಲಿ ಕೂತು ಕೇರಿದರು. ಸಿಪ್ಪೆ ಗಾಳಿಗೆ ಹಾರಿ, ಮೊರದಲ್ಲಿ ಕಪ್ಪು ನುಚ್ಚು ಉಳಿಯಿತು.

ಅರೆದದ್ದು ನಮ್ಮ ಇಡ್ಲಿ ಗ್ರೈಂಡರಿನಲ್ಲಿ. ಅಮೆರಿಕದಲ್ಲಿ ಸಣ್ಣ ಪ್ರಮಾಣದಲ್ಲಿ ಕೈಯಾರೆ ಚಾಕಲೇಟ್ ಮಾಡಲು ಹೊರಟವರು ದೊಡ್ಡ ಯಂತ್ರ ಕೊಳ್ಳಲಾರದೆ ಹುಡುಕಿದಾಗ ಸಿಕ್ಕಿದ್ದು ಕೊಯಮತ್ತೂರಿನ ಇದೇ ಕಲ್ಲಿನ ಗ್ರೈಂಡರ್. ಇಂದು ಅದೇ ಮಾದರಿಯ ಯಂತ್ರ ಲೋಕದ ಎಷ್ಟೋ ಚಾಕಲೇಟ್ ಮನೆಗಳಲ್ಲಿ ತಿರುಗುತ್ತಿದೆ. ನಮ್ಮದನ್ನು ಎರಡು ದಿನ ಬಿಸಿಲಿಗಿಟ್ಟು ಒಂದು ಹನಿ ನೀರೂ ಉಳಿಯದಂತೆ ಒಣಗಿಸಿದೆ. ಬಿಸಿ ಮಾಡಿದ ನುಚ್ಚನ್ನು ಹಿಡಿಹಿಡಿಯಾಗಿ ಹಾಕುತ್ತ ಹೋದೆ. ಮೊದಲು ಪುಡಿಯಾಯಿತು, ಆಮೇಲೆ ಮುದ್ದೆಯಾಯಿತು. ಅರ್ಧ ಗಂಟೆ ಕಳೆಯುವಾಗ ನೀರು ಹಾಕದೆಯೇ ಹರಿಯತೊಡಗಿತು, ಏಕೆಂದರೆ ಬೀಜದ ಅರ್ಧ ತೂಕ ಬೆಣ್ಣೆಯೇ. ಸಕ್ಕರೆ ಪುಡಿ ಸೇರಿಸಿ, ನಡುನಡುವೆ ಮೋಟಾರಿಗೆ ವಿಶ್ರಾಂತಿ ಕೊಟ್ಟು ಎರಡು ದಿನ ಅರೆದೆ. ಕಲ್ಲು ತಿರುಗುವ ಆ ಗರಗರ ಸದ್ದಿಗೆ ಅತ್ತೆಯವರು ಮಧ್ಯಾಹ್ನ ಸುಖವಾಗಿ ನಿದ್ದೆ ಮಾಡಿದರು.

ಕೊಕ್ಕೊ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ, ನಮ್ಮ ಮೈಬಿಸಿಗಿಂತ ಸ್ವಲ್ಪ ಕಡಿಮೆ. ಚಾಕಲೇಟ್ ಬಾಯಿಗಿಟ್ಟೊಡನೆ ಕರಗುವ ಗುಟ್ಟು ಇದೇ. ಬೇಸಗೆಯಲ್ಲಿ ಅದನ್ನು ಊರಿಗೆ ಒಯ್ಯಲಾಗದಿರುವುದಕ್ಕೂ ಇದೇ ಕಾರಣ. ಹಾಗಾಗಿ ಜನವರಿಯಲ್ಲೇ ಮತ್ಸ್ಯಗಂಧ ರೈಲು ಹತ್ತಿದೆ. ಸ್ಟೀಲ್ ಡಬ್ಬವನ್ನು ಸೀರೆಗಳ ನಡುವೆ ಸುತ್ತಿಟ್ಟುಕೊಂಡೆ.

ಅಪ್ಪ ಚಾವಡಿಯ ಕುರ್ಚಿಯಲ್ಲಿದ್ದರು. ಐವತ್ತು ವರ್ಷ ಕೊಕ್ಕೊ ಬೆಳೆದವರು, ಚಾಕಲೇಟ್ ಮಕ್ಕಳ ತಿಂಡಿಯೆಂದು ಬಾಯಿಗೆ ಹಾಕಿದವರಲ್ಲ. ಒಂದು ಚೂರು ಕೊಟ್ಟೆ. ಹಲ್ಲಿಲ್ಲದ ಬಾಯಲ್ಲಿ ಅದನ್ನು ಆಚೆಗೊಮ್ಮೆ ಈಚೆಗೊಮ್ಮೆ ತಳ್ಳಿದರು. ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ನಾಲಿಗೆಯಲ್ಲಿ ಏನನ್ನೋ ಹುಡುಕಿದಂತೆ ಮಾಡಿ, “ಇದ್ರಲ್ಲಿ ಉಗುಳ್ಲಿಕ್ಕೆ ಏನೂ ಇಲ್ಲ ಅಲ್ವಾ ಮಗಳೇ” ಎಂದು ಇನ್ನೊಂದಕ್ಕೆ ಕೈ ಚಾಚಿದರು.

ಹೊರಡುವ ದಿನ ಡಬ್ಬ ತೊಳೆದು ಇಟ್ಟಿದ್ದೆ. ಅಪ್ಪ ತಮ್ಮನಿಂದ ಒಂದು ಹಣ್ಣು ಕೊಯ್ಸಿ, ಕೊಡತಿಯಲ್ಲಿ ತಾವೇ ಒಡೆದು, ಲೋಳೆ ಸಹಿತ ಬೀಜಗಳನ್ನು ಡಬ್ಬಕ್ಕೆ ಸುರಿದರು. ರಾತ್ರಿ ರೈಲಿನಲ್ಲಿ ಒಂದೊಂದೇ ಚೀಪಿದೆ. ಚೀಪಿದ ಬೀಜ ಚಾಕಲೇಟಿಗೆ ಬಾರದು, ಆದರೆ ಬಿತ್ತಲು ಬರುತ್ತದೆ. ಉಗುಳದೆ ಒದ್ದೆ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದೆ. ಬಾಲ್ಕನಿಯ ಕುಂಡಗಳಲ್ಲಿ ನಾಲ್ಕು ಮೊಳೆತವು. ಎಳೆಯ ಎಲೆ ತಾಮ್ರದ ಬಣ್ಣದ್ದು, ಮೆತ್ತಗೆ ಕೆಳಗೆ ಜೋತಿರುತ್ತದೆ.

ಆ ವಾರ ಬೆನ್ ಅವರ ಡಬ್ಬ ನಮ್ಮ ಮನೆಯಲ್ಲೇ ಉಳಿದಿತ್ತು, ಮನೆಯಲ್ಲಿ ಕೇಕು ಇರಲಿಲ್ಲ. ಹೊತ್ತು ಮುಳುಗಲು ಇನ್ನೂ ಗಂಟೆಯಿತ್ತು. ಡಬ್ಬದೊಳಗೆ ಹಿಡಿ ಮಣ್ಣು ಹಾಕಿ, ಒಂದು ಸಸಿಯನ್ನು ಅದರಲ್ಲಿ ನಿಲ್ಲಿಸಿ, ಎಲೆ ಮುರಿಯದಂತೆ ಎರಡು ಕೈಯಲ್ಲಿ ಹಿಡಿದು ಮೆಟ್ಟಿಲಿಳಿದೆ.